ಬೆಳ್ಳ ಮೂರಕ್ಕೆ ನಿಲ್ಲಿಸಿದ್ದು

ತನ್ನನ್ನೇ ತಾನು ಕರೆಯುತ್ತ ಹೋದ ನಿಮ್ಮ ಸ್ಕ್ರಿಪ್ಟನ್ನು, ಅಂದರೆ ನೀವು ಬರೆದ ಪ್ರೋಗ್ರಾಮನ್ನು, ಕಂಪ್ಯೂಟರು ‘ಇಷ್ಟು ಆಳ ಸಾಕು’ ಅಂತ ನಿಲ್ಲಿಸಿಬಿಟ್ಟಿತು ಎಂದು ಮುನಿಸಿಕೊಂಡು ಕೂತಿದ್ದೀರಲ್ಲ, ಬನ್ನಿ, ಬೆಳ್ಳನ ಕತೆ ಹೇಳುತ್ತೇನೆ. ಆಮೇಲೆ ನೀವೇ ಅದಕ್ಕೆ ಕೈ ಮುಗಿಯುತ್ತೀರಿ.

ಸಣ್ಣಮ್ಮನಿಗೆ ಗಂಡನಿಲ್ಲ, ಇರುವವನು ಒಬ್ಬನೇ ಮಗ ಬೆಳ್ಳ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹೊರಗೆ ಕಳಿಸಿದರೆ ತಿರುಗಿ ಬರುತ್ತಾನೋ ಇಲ್ಲವೋ ಅನ್ನುವುದೇ ಅವಳಿಗೆ ದಿಗಿಲು.

ಒಂದು ದಿನ ಹಾಲಿಗೆ ಹೆಪ್ಪಿರಲಿಲ್ಲ.

‘ಪಕ್ಕದ ಮನೇಲಿ ಕೇಳ್ಕೊಂಡು ಬಾರೋ. ಅಲ್ಲಿಲ್ಲ ಅಂದ್ರೆ ಅದರ ಪಕ್ಕದ ಮನೇಲಿ ಕೇಳು’ ಅಂದಳು.

ಊರಿನ ಮೊಸರೆಲ್ಲ ಹಿಂದಿನ ದಿನವೇ ಮದುವೆಮನೆಗೆ ಹೋಗಿತ್ತು. ಪಕ್ಕದ ಮನೆಯವಳು, ‘ನಮಗೂ ಇಲ್ಲ ಕಣಪ್ಪ, ಸಿಕ್ಕರೆ ಬರ್ತಾ ನಮಗೂ ಒಂಚೂರು ತಾ’ ಅಂತ ಒಂದು ಬಟ್ಟಲು ಕೊಟ್ಟಳು. ಅದರ ಪಕ್ಕದವಳೂ ಬಟ್ಟಲು ಕೊಟ್ಟಳು. ಅದರ ಪಕ್ಕದವಳೂ ಕೊಟ್ಟಳು. ಬಟ್ಟಲ ಮೇಲೆ ಬಟ್ಟಲು, ಬಟ್ಟಲ ಮೇಲೆ ಬಟ್ಟಲು. ಊರು ಮುಗಿದು ಪಕ್ಕದೂರು ಬಂತು, ಬೆಳ್ಳ ನಿಲ್ಲಲಿಲ್ಲ. ಕಡೆಗೆ ಬಟ್ಟಲ ಗೋಪುರವೇ ಧಡಾರನೆ ಉರುಳಿತು. ಸಣ್ಣಮ್ಮ ಅಳುತ್ತ ಹುಡುಕಿಕೊಂಡು ಹೋಗಿ ಕರೆತಂದಳು.

‘ನನ್ನ ಹಣೆಬರಹವೇ! ಯಾವ ಕೆಲಸವಾದ್ರೂ ಮೂರು ಸಲ ಮಾಡು. ಆಗಲಿಲ್ಲ ಅಂದ್ರೆ ಬಿಟ್ಟು ಮನೆಗೆ ಬಾ.’

‘ಹೂಂ ಕಣವ್ವ.’

ಸ್ವಲ್ಪ ದಿನಕ್ಕೆ ಅವಳ ಕೊಡ ಬಾವಿಗೆ ಬಿತ್ತು. ಹಗ್ಗ ಕಟ್ಟಿಕೊಂಡು ಇಳಿದಳು, ಕೊಡ ಸಿಕ್ಕಿತು, ‘ಎಳೆಯೋ ಮಗನೇ’ ಅಂದಳು. ಬೆಳ್ಳ ಒಂದು ಸಲ ಎಳೆದ, ಎರಡು ಸಲ ಎಳೆದ, ಮೂರು ಸಲ ಎಳೆದ. ಅವ್ವ ಮೇಲೆ ಬರಲಿಲ್ಲ. ಹಗ್ಗವನ್ನು ಕಂಬಕ್ಕೆ ಕಟ್ಟಿ ಮನೆಗೆ ಹೋದ.

ಅವಳ ಕೂಗಿಗೆ ಕ್ಷೌರದ ಅಂಗಡಿಯ ಹನುಮಂತಯ್ಯನೂ ಬೀದಿಯವರೂ ಓಡಿ ಬಂದರು. ನೋಡಿದರೆ ರಾಟೆಯ ಕೆಳಗೇ ಹಗ್ಗ ಸವೆದು ಒಂದೆಳೆಯಲ್ಲಿ ನಿಂತಿದೆ. ಬೇರೆ ಹಗ್ಗ ಇಳಿಬಿಟ್ಟು ಎತ್ತಿದರು.

‘ಇನ್ನೊಂದು ಸಲ ಎಳೆದು ಆ ಸವೆದ ಜಾಗ ರಾಟೆ ಮೇಲೆ ಬಂದಿದ್ರೆ ನೀನು ಬಾವಿ ತಳದಲ್ಲಿರ್ತಿದ್ದೆ ಕಣಮ್ಮ’ ಅಂದ ಹನುಮಂತಯ್ಯ.

ಬೈಯಲೆಂದು ಮನೆಗೆ ಓಡಿದವಳು ಮಗನನ್ನು ತಬ್ಬಿಕೊಂಡು ಅತ್ತಳು. ಜೀವ ಉಳಿದಿದೆ, ಮಗ ಮನೆಯಲ್ಲಿದ್ದಾನೆ, ಇನ್ನೇನು ಬೇಕು ಅವಳಿಗೆ?

‘ಹೋಗಿ ಎಲ್ಲರಿಗೂ ಕೈ ಮುಗಿದು ಬಾರಪ್ಪ. ಅವರು ತಿರುಗಿ ಕೈ ಮುಗಿದ್ರೆ ನೀನು ಇನ್ನೊಂದು ಸಲ ಮುಗಿ. ಮೂರರ ಲೆಕ್ಕ ಇದಕ್ಕೆ ಬೇಡ, ಉಪಕಾರ ನೆನೆಯೋದಕ್ಕೆ ಮಿತಿ ಇಡಬಾರದು.’

‘ಹೂಂ ಕಣವ್ವ.’

ಹೋದವನು ಸಂಜೆಯಾದರೂ ಬರಲಿಲ್ಲ. ಸಣ್ಣಮ್ಮ ಮತ್ತೆ ಹುಡುಕಿಕೊಂಡು ಹೊರಟಳು. ಓಡಿ ನೋಡಿದರೆ, ಕ್ಷೌರದ ಅಂಗಡಿಯ ದೊಡ್ಡ ಕನ್ನಡಿಯ ಮುಂದೆ ನಿಂತು ಕೈ ಮುಗಿಯುತ್ತಿದ್ದಾನೆ, ಬಿಡುತ್ತಿದ್ದಾನೆ, ಮತ್ತೆ ಮುಗಿಯುತ್ತಿದ್ದಾನೆ. ಗಿರಾಕಿಗಳು ಅರ್ಧ ಗಡ್ಡದಲ್ಲಿ ಕಾಯುತ್ತಿದ್ದಾರೆ.

‘ಸಾಕು ಬಾರೋ ಮಗನೇ.’

‘ಹೆಂಗೆ ಬರ್ಲವ್ವ? ಅವನು ಬಿಡ್ತಾನೇ ಇಲ್ಲ. ಪಾಪ, ಅವರವ್ವನೂ ಇದೇ ಹೇಳಿ ಕಳ್ಸಿರಬೇಕು. ಅಗೋ, ಅವಳೂ ಕರೆಯೋಕೆ ಬಂದವಳೆ.’

ಸಣ್ಣಮ್ಮ ತಲೆ ಎತ್ತಿ ನೋಡಿದಳು. ಕನ್ನಡಿಯಲ್ಲಿ ಮಗನ ಹಿಂದೆ ಒಬ್ಬ ತಾಯಿ ಜೀವಂತವಾಗಿ ನಿಂತಿದ್ದಳು. ಸಣ್ಣಮ್ಮನ ಕೈ ತಾನಾಗಿಯೇ ಮುಗಿಯಿತು. ಆ ತಾಯಿಯೂ ಕೈ ಮುಗಿದಳು. ಆಮೇಲೆ ತಾಯಿ ಮಗ ಇಬ್ಬರೂ ಕನ್ನಡಿ ಬಿಟ್ಟು ಬರಲಿಲ್ಲ.

ಕಡೆಗೆ ಹನುಮಂತಯ್ಯನೇ ಎದ್ದು ಕನ್ನಡಿಗೆ ಟವೆಲು ಹೊದಿಸಿ ಅವರನ್ನು ಮನೆಗೆ ಕಳಿಸಿದ. ಕಂಪ್ಯೂಟರು ನಿಮ್ಮ ಸ್ಕ್ರಿಪ್ಟಿಗೆ ಹೊದಿಸಿದ್ದೂ ಅದೇ ಟವೆಲು ಕಣ್ರಪ್ಪ.