ಬೋರವ್ವನ ಕಿವಿಯಂಚು

ಸಂಜೆ ಹೊತ್ತು ಕೆರೆಯ ದಂಡೆಯಲ್ಲಿ ನಿಂತಾಗ ಏನೋ ಚುರುಕ್ಕೆಂದು ಕಚ್ಚಿ, ನೀವು ಪಟಪಟನೆ ಕಾಲಿಗೆ ಹೊಡೆದುಕೊಂಡದ್ದು ಉಂಟಲ್ಲ ಮಕ್ಕಳೇ? ಬಗ್ಗಿ ನೋಡಿದರೆ ಅಲ್ಲಿ ಯಾರೂ ಇಲ್ಲ! ಅದೇ ನುಸಿ. ಸಾಸಿವೆ ಕಾಳಿಗಿಂತ ಚಿಕ್ಕದು. ಅಂಥ ಒಂದು ನುಸಿಯ ಹೆಸರು ಚುಟುಕಿ. ಅವಳ ಮೈ ಎಷ್ಟು ಚಿಕ್ಕದೋ ಆಸೆ ಅಷ್ಟು ದೊಡ್ಡದು.

ಚುಟುಕಿ ಹುಟ್ಟಿದ್ದು ಕಾಡಂಚಿನ ಕೆರೆಯ ಪಕ್ಕದ ಕೆಸರು ಹೊಂಡದಲ್ಲಿ. ಬೋರವ್ವ ಎಂಬ ಎಮ್ಮೆ ದಿನವೂ ಕೆರೆಯಲ್ಲಿ ಮುಳುಗೆದ್ದು ಬಂದು ಆ ಹೊಂಡದಲ್ಲಿ ಹೊರಳಾಡುತ್ತಿದ್ದಳು. ಮೈಗೆಲ್ಲ ಕೆಸರು ಮೆತ್ತಿಕೊಂಡರೆ ನುಸಿಯ ಬಾಯಿ ನಾಟುವುದಿಲ್ಲ ನೋಡಿ. ಕೆಸರು ಹತ್ತದೆ ಉಳಿಯುತ್ತಿದ್ದುದು ಕಿವಿಯ ಅಂಚು ಮಾತ್ರ. ಅಲ್ಲಿ ಕೂತು ಹೆಣ್ಣು ನುಸಿಗಳು ಒಂದೊಂದು ಗುಟುಕು ರಕ್ತ ಹೀರಬಹುದು, ಬೋರವ್ವ ಕಿವಿ ಕೊಡವುವುದಿಲ್ಲ. ಅದು ಅಲ್ಲಿನ ಹಳೆಯ ವಾಡಿಕೆ. ಗಂಡು ನುಸಿಗಳಿಗೆ ಈ ತಂಟೆಯೇ ಇಲ್ಲ. ಹೂವಿನ ರಸ ಕುಡಿದು, ಗರಿಯಂಥ ಮೀಸೆ ತೀಡಿಕೊಂಡು, ಸಂಜೆಯಾದರೆ ಗುಂಪುಕಟ್ಟಿ ಕುಣಿಯುವುದೇ ಅವರ ಕೆಲಸ. ಹೆಣ್ಣಿಗಾದರೆ ರಕ್ತ ಸಿಗದೆ ಮೊಟ್ಟೆ ಬಲಿಯುವುದಿಲ್ಲ.

ಚುಟುಕಿ ಆಗಲೇ ಒಮ್ಮೆ ಮೊಟ್ಟೆಯಿಟ್ಟಿದ್ದಳು. ಹೊಂಡದ ಒದ್ದೆ ಕೆಸರಿನಲ್ಲಿ ಅವಳ ಮರಿಹುಳುಗಳು ನೂಲಿನ ಎಳೆಗಳ ಹಾಗೆ ಬಳುಕಾಡುತ್ತಿದ್ದವು.

ಒಂದು ದಿನ ಅವಳು ನೆರೆಮನೆಯ ಬಸವನಹುಳು ನಂಜಕ್ಕನ ಮುಂದೆ ಗೊಣಗಿದಳು. "ಅಷ್ಟು ದೊಡ್ಡ ಮೈಯಿಟ್ಟುಕೊಂಡು ನಮಗೆ ಕೊಡೋದು ಬರೀ ಕಿವಿಯಂಚಾ?"

"ಸಿಕ್ಕಿದ್ದನ್ನು ಕುಡಿದು ಸುಮ್ಮನಿರೇ ತಾಯಿ. ಹೊಟ್ಟೆ ತುಂಬುತ್ತಲ್ಲ," ಎಂದಳು ನಂಜಕ್ಕ.

"ಚಿಪ್ಪಿನೊಳಗೆ ಕೂರೋ ನಿನಗೇನು ಗೊತ್ತು? ನಾಳೆ ನೋಡು, ಅವಳು ಹೊಂಡಕ್ಕೆ ಇಳಿಯೋ ಮೊದಲೇ ನಾವೆಲ್ಲ ಮೇಲೆ ಬೀಳ್ತೀವಿ!"

ಮರುದಿನ ಸಂಜೆ ಗಾಳಿಯಿರಲಿಲ್ಲ. ಬೋರವ್ವನ ಬಿಸಿಯುಸಿರಿನ ವಾಸನೆ ಬಂದದ್ದೇ ತಡ, ಚುಟುಕಿಯ ದಂಡು ಕಣ್ಣು, ಮೂಗು, ಕೆಚ್ಚಲು ಎನ್ನದೆ ಮುತ್ತಿಕೊಂಡಿತು.

"ಅಯ್ಯಯ್ಯೋ, ಉರಿ ಉರಿ!" ಬೋರವ್ವ ಬಾಲ ಬೀಸಿದಳು, ತಲೆ ಕೊಡವಿದಳು, ನಿಂತಲ್ಲೇ ಕುಣಿದಳು. "ಕಿವಿ ಕೊಟ್ಟರೆ ಕಣ್ಣಿಗೇ ಬಂದಿರಾ? ಈ ಹೊಂಡ ನಿಮಗೇ ಇರಲಿ, ನನಗೆ ಬೇಡ!" ಎಂದು ದಡದಡನೆ ದಿಬ್ಬ ಹತ್ತಿ ಹೋದಳು.

"ನೋಡಿದೆಯಾ ನಂಜಕ್ಕ, ಎಮ್ಮೆಯನ್ನೇ ಓಡಿಸಿದೆ!" ಚುಟುಕಿಯ ಹೊಟ್ಟೆ ಕೆಂಪಗೆ ಉಬ್ಬಿತ್ತು, ಜಂಬ ಅದಕ್ಕಿಂತ ಹೆಚ್ಚು ಉಬ್ಬಿತ್ತು.

ಬೋರವ್ವ ಮತ್ತೆ ಬರಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. ಅವಳ ಮೈಯಿಂದ ಸುರಿಯುತ್ತಿದ್ದ ನೀರಿಲ್ಲದೆ ಹೊಂಡ ಅಂಚಿನಿಂದ ಒಣಗತೊಡಗಿತು. ಒಂದು ಬೆಳಿಗ್ಗೆ ನೋಡಿದರೆ ಕೆಸರು ಬಿರುಕು ಬಿಟ್ಟಿದೆ. ನಡುವೆ ಉಳಿದ ಅಂಗೈಯಗಲ ತೇವದಲ್ಲಿ ಮರಿಹುಳುಗಳೆಲ್ಲ ಒಂದರ ಮೇಲೊಂದು ಹೊರಳುತ್ತಿವೆ. ಚುಟುಕಿ ನಂಜಕ್ಕನ ಬಳಿಗೆ ಹಾರಿದಳು.

"ನಂಜಕ್ಕ, ನನ್ನ ಮಕ್ಕಳು! ಏನಾದರೂ ಮಾಡೇ!"

"ನಾನು ದಿಬ್ಬ ಹತ್ತೋದರೊಳಗೆ ಮಳೆಗಾಲವೇ ಬರುತ್ತೆ. ಓಡಿಸಿದವಳು ನೀನು, ಕರೆಯೋಳೂ ನೀನೇ. ಹೋಗು."

ಚುಟುಕಿ ಹಾರಿದಳು. ದಿಬ್ಬದ ಮೇಲೆ ಗಾಳಿಯೋ ಗಾಳಿ! ನುಸಿಯ ರೆಕ್ಕೆ ಅಷ್ಟು ಗಾಳಿ ತಡೆದೀತೇ? ಒಮ್ಮೆ ಹಾರಿ ಮುಳ್ಳುಪೊದೆಗೆ ಬಿದ್ದಳು. ಇನ್ನೊಮ್ಮೆ ಹಾರಿ ಸಗಣಿಯಲ್ಲಿ ಕೂತಳು. ಕೊನೆಗೆ ಹುಲ್ಲಿನೆಸಳು ತಬ್ಬಿಕೊಂಡು, ಒಂದರಿಂದ ಇನ್ನೊಂದಕ್ಕೆ ನೆಗೆಯುತ್ತಾ ಮೇಲೆ ಹೋದಳು. ಗಾಳಿ ಒಂದು ಚೂರು ನಿಂತದ್ದೇ ಸುಯ್ಯೆಂದು ಹಾರಿ ಬೋರವ್ವನ ಕಿವಿ ಹಿಡಿದಳು.

ಬಾಯೆದುರಿಗೇ ಬೆಚ್ಚಗಿನ ರಕ್ತ. ಹಸಿವೂ ಇತ್ತು. ಆದರೂ ಚುಟುಕಿ ಕಚ್ಚಲಿಲ್ಲ.

"ಬೋರವ್ವ, ನಾನು ಚುಟುಕಿ. ನಿನ್ನನ್ನು ಓಡಿಸಿದೆ ಅಂತ ಕುಣಿದವಳು ನಾನೇ. ತಪ್ಪಾಯ್ತು. ನೀನಿಲ್ಲದೆ ಹೊಂಡ ಒಣಗ್ತಿದೆ, ನನ್ನ ಮಕ್ಕಳು ಸಾಯ್ತಾರೆ."

"ಕಿವಿಯಲ್ಲಿ ಕೂತು ಕಚ್ಚದೆ ಮಾತಾಡಿದ ಮೊದಲ ನುಸಿ ನೀನೇ ಕಣೇ!" ಬೋರವ್ವ ನಕ್ಕಳು. "ನಿಜ ಹೇಳ್ತೀನಿ, ಇಲ್ಲಿ ಗಾಳಿಯೇನೋ ಇದೆ, ಆದರೆ ಬಿಸಿಲಿಗೆ ನನ್ನ ಚರ್ಮ ಹಪ್ಪಳ ಆಗಿದೆ. ಬರ್ತೀನಿ. ಆದರೆ ಕಣ್ಣಿನ ಹತ್ತಿರ ಯಾರಾದರೂ ಬಂದರೆ?"

"ಬಂದವರಿಗೆ ಮೊದಲು ನಾನು ಕಚ್ತೀನಿ!"

ಬೋರವ್ವ ದಿಬ್ಬ ಇಳಿದಳು. ಕೆರೆಯಲ್ಲಿ ಮುಳುಗೆದ್ದು, ನೀರು ಸುರಿಸುತ್ತಾ ಬಂದು ಹೊಂಡದ ಅಂಚಿನಲ್ಲಿ ದೊಪ್ಪೆಂದು ಒರಗಿದಳು. ನೀರು ಬಿರುಕುಗಳಲ್ಲಿ ಗುಳುಗುಳು ಇಳಿಯಿತು. ಸೊರಗಿದ್ದ ಮರಿಹುಳುಗಳು ಮತ್ತೆ ಬಳುಕಿದವು. ಚುಟುಕಿ ಖುಷಿಯಿಂದ ಅತ್ತೇಬಿಟ್ಟಳು. ಅಷ್ಟು ಪುಟ್ಟ ಕಣ್ಣೀರು ಯಾರಿಗೂ ಕಾಣಲಿಲ್ಲ, ಬಿಡಿ.

ಆ ಮರಿಗಳು ದೊಡ್ಡವಾಗಿ ರೆಕ್ಕೆ ಬಂದ ಸಂಜೆ, ಅವಳ ಮಗಳೊಬ್ಬಳು ಬೋರವ್ವನನ್ನು ನೋಡಿ ಕೇಳಿದಳು. "ಅಮ್ಮಾ, ಇಷ್ಟು ದೊಡ್ಡ ಮೈಯಲ್ಲಿ ನಮಗೆ ಬರೀ ಕಿವಿಯಂಚಾ?"

ಚುಟುಕಿ ಒಣಗಿದ ಕೆಸರಿನ ಒಂದು ಹೆಂಟೆಯ ಮೇಲೆ ಅವಳನ್ನು ಕೂರಿಸಿದಳು. "ಬೋರವ್ವ ಬರದಿದ್ದಾಗ ಹೊಂಡವೆಲ್ಲ ಹೀಗೇ ಒಣಗಿತ್ತು. ಇದರೊಳಗೆ ಮುಖ ಹಾಕು ಮಗಳೇ, ಇಲ್ಲಿ ನೀನು ಬದುಕ್ತಿದ್ದೆಯಾ ಹೇಳು."

ಮಗಳು ಮುಖ ಹಾಕಿ ನೋಡಿದಳು. ಆಮೇಲೆ ಹಾರಿಹೋಗಿ, ಕಿವಿಯಂಚಿನಲ್ಲಿ ತನ್ನ ಸರದಿಗಾಗಿ ಕಾದು ಕೂತಳು.

ನೀತಿ: ನಮ್ಮನ್ನು ಸಾಕುವವರು ಕೊಟ್ಟಷ್ಟರಲ್ಲಿ ತೃಪ್ತಿಪಡದೆ ಎಲ್ಲವನ್ನೂ ಕಿತ್ತುಕೊಳ್ಳಲು ಹೋದರೆ, ಇದ್ದ ಆಸರೆಯೂ ಕೈತಪ್ಪುತ್ತದೆ.