ಈರಕ್ಕ ನಾಯಿಮರಿಗಳಿಗೆ ಬೊಗಳೋದು ಕಲಿಸಿದ್ದು

ಮಲಕ್ಕೋ ಅಂದ್ರೆ ಕತೆ ಬೇಕು ಅಂತೀಯ. ಹೇಳ್ತೀನಿ ಬಾ, ಕಂಬಳಿ ಒಳಗೆ ಕಾಲಿಡು. ಆದ್ರೆ ಇವತ್ತಿಂದು ಸಿಟ್ಟಿನ ಕತೆ. ನಡುವೆ ನಾನು ಜೋರಾಗಿ ಮಾತಾಡಿದ್ರೆ ನಿನ್ನ ಮೇಲಲ್ಲ ಕಣವ್ವ, ಹೆದರ್ಕೋಬೇಡ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ಬೇಲದಹಟ್ಟಿ ಅಂತ ಒಂದು ಕುರಿಯೋರ ಹಟ್ಟಿ ಇತ್ತಂತೆ. ಸುತ್ತ ಕಾರೆಮುಳ್ಳಿನ ಬೇಲಿ, ಒಳಗೆ ಹತ್ತೋ ಹನ್ನೆರಡೋ ಗುಡಿಸಲು, ಗುಡಿಸಲಿಗೊಂದು ಕುರಿ ಕೂಡೋ ರೊಪ್ಪ. ಅಲ್ಲಿ ಈರಕ್ಕ ಅಂತ ಒಬ್ಬಳು ಸೊಸೆ ಇದ್ಳಂತೆ. ಗಂಡ ಚಿತ್ತಯ್ಯ ಬೆಳಗಾಗ್ತಲೇ ಕುರಿ ಹೊಡ್ಕೊಂಡು ಕಾಡಿಗೆ ಹೋದ್ರೆ ಹೊತ್ತು ಮುಳುಗಿದ ಮೇಲೇ ಬರೋದು. ಹಗಲೆಲ್ಲ ಮನೇಲಿ ಈರಕ್ಕ, ಅವಳ ಮಾವ ಕ್ಯಾತಜ್ಜ, ಆಮೇಲೆ ರೊಪ್ಪದಲ್ಲಿ ಇನ್ನೂ ಮೇಯೋಕೆ ಹೋಗದ ಎಳೇ ಕುರಿಮರಿಗಳು, ಅವನ್ನ ಕಾಯೋಕೆ ಸಿಂಗಾರಿ ಅನ್ನೋ ಹೆಣ್ಣುನಾಯಿ, ಇಷ್ಟೇ.

ಆ ಹಟ್ಟಿಗೆ ಪ್ರತಿ ಹುಣ್ಣಿಮೆ ಮಾರನೇ ದಿನ, ಗಂಡಸರು ಯಾರೂ ಇಲ್ಲದ ಮಧ್ಯಾಹ್ನದ ಹೊತ್ತು ನೋಡ್ಕೊಂಡು ಒಬ್ಬ ಬರ್ತಿದ್ನಂತೆ. ತಲೆಗೆ ಕೆಂಪು ರುಮಾಲು, ಕೈಯಲ್ಲಿ ಹಿತ್ತಾಳೆ ಕಟ್ಟಿದ ದೊಣ್ಣೆ. ನಾನು ಕೋಟೆ ಪಾಳೇಗಾರರ ಕಡೆಯೋನು, ದೊರೆಗಳ ಅಡುಗೆಗೆ ಮರಿ ಬೇಕು ಅಂತಿದ್ನಂತೆ. ಹಂಗಂದು ರೊಪ್ಪಕ್ಕೆ ನುಗ್ಗೋದು, ಮೈ ತುಂಬ್ಕೊಂಡಿರೋ ಮರಿ ಆರಿಸ್ಕೊಂಡು ಹೆಗಲಿಗೆ ಹಾಕ್ಕೊಂಡು ಹೋಗೋದು. ಒಂದು ಸಲ ಈ ಗುಡಿಸಲು, ಇನ್ನೊಂದು ಸಲ ಆ ಗುಡಿಸಲು. ಮೂರು ವರ್ಷ ಹೀಗೇ ನಡೀತಂತೆ. ಮೂರು ವರ್ಷ! ಮುದುಕರು ತಲೆ ತಗ್ಗಿಸಿ ಕೈ ಮುಗಿಯೋರಂತೆ, ಹೆಂಗಸರು ಸೆರಗು ಎಳ್ಕೊಂಡು ಗೋಡೆಗೆ ಒತ್ತಿ ನಿಲ್ಲೋರಂತೆ. ಎಲಾ ಇವರ ಬಾಯಿಗೆ ಏನು ಬಡಿದಿತ್ತೋ!

ಕೊನೆಗೆ ತಡೀಲಾರದೆ ಬಾಯಿ ಬಿಟ್ಟಿದ್ದು ಸಿಂಗಾರಿ. ಮೂರು ಮರಿ ಹಾಕಿ ಇನ್ನೂ ತಿಂಗಳಾಗಿರ್ಲಿಲ್ಲ. ರೊಪ್ಪದ ಬಾಗಿಲಲ್ಲಿ ಅವನಿಗೆ ಅಡ್ಡ ನಿಂತು ಬೊಗಳಿದ್ಳಂತೆ. ಅವನು ದೊಣ್ಣೆ ಎತ್ತಿ ಬೆನ್ನಿಗೆ ಒಂದೇ ಏಟು. ಕ್ಯಾತಜ್ಜ ಏನು ಮಾಡಿದ ಗೊತ್ತಾ? ನಾಯಿ ಬಿದ್ದು ಒದ್ದಾಡ್ತಿದ್ರೆ, ಅವನು ಆ ರುಮಾಲಿನೋನಿಗೆ ಕೈ ಮುಗಿದು, ತಪ್ಪಾಯ್ತು ಬುದ್ಧಿ, ಮೂಕಪ್ರಾಣಿ, ಹೊಟ್ಟೆಗೆ ಹಾಕ್ಕೊಳ್ಳಿ ಅಂದ್ನಂತೆ. ಮೂರನೇ ದಿನ ಸಿಂಗಾರಿ ಸತ್ತೋಯ್ತು.

ಅಳಬೇಡ. ಈರಕ್ಕನೂ ಅಳಲಿಲ್ಲ. ಆವತ್ತಿಂದ ರಾಗಿ ಕುಟ್ಟೋಕೆ ನಿಂತ್ರೆ ಒರಳು ಒಡೆಯೋ ಹಂಗೆ ಕುಟ್ಟೋಳಂತೆ. ಮಾವನ ಹತ್ತಿರ ಬೇಕಾದಷ್ಟೇ ಮಾತು. ಮೂರು ಮರಿಗೂ ಬಟ್ಟೆ ಅದ್ದಿ ಅದ್ದಿ ಆಡಿನ ಹಾಲು ಕುಡಿಸಿ ಸಾಕಿದ್ಳಂತೆ. ಒಂದು ಕೆಂಚ, ಒಂದು ಬೊಳ್ಳ, ಕೊನೇದು ಚುಕ್ಕಿ ಅಂತ ಹೆಣ್ಣು. ಈ ಮೂರಕ್ಕೂ ನಾನು ಬೊಗಳೋದು ಕಲಿಸ್ತೀನಿ, ನೋಡ್ತಿರು ಅಂತ ಗಂಡನಿಗೆ ಅಂದ್ಳಂತೆ. ಚಿತ್ತಯ್ಯ ನಕ್ಕು, ಬೊಗಳೋದು ಯಾರಾದ್ರೂ ಕಲಿಸ್ತಾರೇನೇ, ಅದು ಹುಟ್ಟಿನಿಂದ ಬರುತ್ತೆ ಅಂದ. ಹುಟ್ಟಿನಿಂದ ನಿಮಗೂ ಬಾಯಿ ಬಂದಿದೆಯಲ್ಲ, ಏನು ಮಾಡಿದ್ರಿ ಅಂದ್ಳಂತೆ ಇವಳು. ಅವನು ಕುರಿ ಹೊಡ್ಕೊಂಡು ಹೋದ.

ಮರಿಗಳು ಐದು ತಿಂಗಳಿಗೆ ಬಂದ ಮೇಲೆ ಪಕ್ಕದೂರಿಂದ ತನ್ನಣ್ಣ ಜುಂಜಣ್ಣನ್ನ ಕರೆಸಿದ್ಳಂತೆ. ಮರಿಗಳು ಅವನ ಮುಖ ನೋಡಿರ್ಲಿಲ್ಲ. ಕಂಬಳಿ ಹೊದ್ಕೊಂಡು ಬೇಲಿ ಸಂದಿಂದ ಕಳ್ಳನ ಹಂಗೆ ಬಾ ಅಂದ್ಳು. ಬಂದ. ಮೂರೂ ಬಾಲ ಅಲ್ಲಾಡಿಸ್ಕೊಂಡು ಓಡಿಹೋಗಿ ಅವನ ಕೈ ನೆಕ್ಕಿದ್ವಂತೆ! ಈರಕ್ಕ ಹಣೆ ಚಚ್ಕೊಂಡ್ಳು. ಆಮೇಲೆ ಯೋಚಿಸಿ ನೋಡಿದ್ರೆ, ಹಟ್ಟಿಯೋರೆಲ್ಲ, ದಾರೀಲಿ ಹೋಗೋರೆಲ್ಲ ಮುದ್ದು ಅಂತ ಒಂದೊಂದು ತುತ್ತು ಹಾಕಿ ಹಾಕಿ, ಯಾರ ಕೈ ಕಂಡ್ರೂ ಅದು ಅನ್ನದ ಕೈ ಅನ್ಕೊಂಡಿದ್ವು. ಮನೆಮನೆಗೂ ಹೋಗಿ, ಇನ್ಮೇಲೆ ನನ್ನ ಮರಿಗೆ ಯಾರಾದ್ರೂ ತುತ್ತು ಹಾಕಿದ್ರೆ ಆ ಕೈ ಮುರೀತೀನಿ ಅಂತ ಹೇಳಿ ಬಂದ್ಳಂತೆ.

ಆ ಹುಣ್ಣಿಮೆ ಕಳೀತು, ರುಮಾಲಿನೋನು ಬಂದ, ಕೊಬ್ಬರಿ ಚೂರು ಎಸೆದ. ಈರಕ್ಕನ ಕೈಯದು ಬಿಟ್ಟು ಬೇರೆ ತಿನ್ನದ ರೂಢಿ ಬಿದ್ದಿತ್ತು, ನಾಯಿಮರಿಗಳು ಮುಟ್ಟಲಿಲ್ಲ. ಆದ್ರೆ ಬೊಗಳಲೂ ಇಲ್ಲ. ಒಂದು ಕುರಿಮರಿ ಹೋಯ್ತು.

ಆಮೇಲೆ ಈರಕ್ಕನಿಗೆ ಹೊಳೀತಂತೆ, ಅಯ್ಯೋ ಇವಕ್ಕೆ ತಾಯಿ ಇಲ್ಲ, ಹೇಳಿಕೊಡೋರು ಯಾರು ಅಂತ. ಮೂರನ್ನೂ ಮಂಕರಿಗೆ ತುಂಬ್ಕೊಂಡು, ತಲೆ ಮೇಲೆ ಹೊತ್ಕೊಂಡು ಅಣ್ಣನ ಮನೆಗೆ ಹೋದ್ಳಂತೆ. ಅಲ್ಲೊಂದು ಮುದಿ ನಾಯಿ, ಎಲೆ ಅಲ್ಲಾಡಿದ್ರೂ ಬೊಗಳೋದು. ಅದರ ಜೊತೆ ಹತ್ತು ದಿನ ಬಿಟ್ಳು. ಅದು ಬೌ ಅಂದ್ರೆ ಕೆಂಚ ಬೌ ಅಂತಿತ್ತು, ಕೆಂಚ ಅಂದ್ರೆ ಬೊಳ್ಳ, ಬೊಳ್ಳ ಅಂದ್ರೆ ಚುಕ್ಕಿ. ಅಣ್ಣನ ಊರೋರಿಗೆಲ್ಲ, ಒಬ್ಬೊಬ್ಬರೇ ಬಂದು ಇವು ಬೊಗಳಿದ ತಕ್ಷಣ ಓಡಿಹೋಗಬೇಕು ಅಂತ ಹೇಳಿಟ್ಟಿದ್ಳಂತೆ. ಓಡಿದ್ರು ಅಂದ್ರೆ ಮರಿಗಳಿಗೆ ಬೆಣ್ಣೆ. ತಮ್ಮ ಬಾಯಿಗೆ ದೊಡ್ಡೋರೂ ಓಡ್ತಾರೆ ಅಂತ ಮರಿಗಳಿಗೆ ಧೈರ್ಯ ಬಂತಂತೆ.

ವಾಪಸ್ ಬಂದ್ಳು. ಹುಣ್ಣಿಮೆ ಬಂತು, ಅವನೂ ಬಂದ. ಮೂರೂ ಎದ್ದು ಬೌ ಅಂದ್ವು. ಒಂದೇ ಸಲ. ಅಷ್ಟಕ್ಕೆ ಕ್ಯಾತಜ್ಜ ಜಗಲಿಯಿಂದ ಕೋಲು ಬೀಸಿ, ಮುಚ್ರೋ ಬಾಯಿ, ಹಟ್ಟಿ ಹಾಳು ಮಾಡ್ತೀರಾ ಅಂದ್ನಂತೆ. ಮರಿಗಳು ತಿರುಗಿ ಒಬ್ಬೊಬ್ಬರ ಮುಖ ನೋಡಿದ್ವು. ಮಾವನ ತಲೆ ಕೆಳಗೆ. ಅಕ್ಕಪಕ್ಕದೋರ ತಲೆ ಕೆಳಗೆ. ಕೊನೆಗೆ ಈರಕ್ಕನ ಮುಖ ನೋಡಿದ್ವು. ಅವಳೂ ಸೆರಗು ಎಳ್ಕೊಂಡು ಗೋಡೆಗೆ ಒತ್ತಿ ನಿಂತಿದ್ಳು! ಬಾಲ ಮುದುರಿಕೊಂಡು ಕೂತ್ಕೊಂಡ್ವಂತೆ. ಇನ್ನೊಂದು ಕುರಿಮರಿ ಹೋಯ್ತು.

ಆವತ್ತು ಈರಕ್ಕನಿಗೆ ಬಂದ ಸಿಟ್ಟು ಬೇರೆ ಯಾರ ಮೇಲೂ ಅಲ್ಲ, ತನ್ನ ಮೇಲೆ. ಎದ್ದು ಹೋಗಿ ಮಾವನ ಎದುರು ನಿಂತ್ಕೊಂಡ್ಳಂತೆ.

ಮಾವ, ಅವನ್ನ ಕಂಡ್ರೆ ನಿಮಗ್ಯಾಕೆ ಹಿಂಗೆ ನಡುಕ?

ನಿಂಗೊತ್ತಿಲ್ಲ ಕಣವ್ವ, ನಮ್ಮಪ್ಪ ಒಂದು ಸಲ ಮರಿ ಕೊಡಲ್ಲ ಅಂದಿದ್ದಕ್ಕೆ ಕೋಟೆ ಬಾಗಿಲಲ್ಲಿ ಕಟ್ಟಿಹಾಕಿ ಹೊಡೆದ್ರು. ನಾನು ಇಷ್ಟುದ್ದ ಇದ್ದೆ, ನೋಡ್ತಾ ನಿಂತಿದ್ದೆ.

ನೋಡ್ತಾ ನಿಂತ್ರಿ ಸರಿ, ಆಗ ಕೂಸು. ಸಿಂಗಾರಿಗೆ ಬಿದ್ದಾಗ ಕೂಸೇನು? ಇನ್ನು ಯಾರಿಗೆ ಬೀಳೋದನ್ನ ನೋಡಬೇಕು ಮಾವ? ನಂಗಾ? ನಾಳೆ ಹುಟ್ಟೋ ನಿಮ್ಮ ಮೊಮ್ಮಕ್ಕಳಿಗಾ?

ಮುದುಕ ಎದ್ದು ಕೋಲು ಮೂಲೆಗಿಟ್ಟ. ಆವತ್ತು ಊಟಾನೂ ಮಾಡ್ಲಿಲ್ಲವಂತೆ. ಈರಕ್ಕ ಅಷ್ಟಕ್ಕೆ ಬಿಡಲಿಲ್ಲ, ಮನೆಮನೆಗೂ ಹೋಗಿ ಹೆಂಗಸರಿಗೆಲ್ಲ ಅಂದ್ಳು, ನಾಯಿ ನಮ್ಮ ಮುಖ ನೋಡಿ ಬೊಗಳುತ್ತೆ ಕಣ್ರೇ, ನಾವು ತಲೆ ತಗ್ಗಿಸಿದ್ರೆ ಅದೇನು ಮಾಡುತ್ತೆ, ಮುಂದಿನ ಸಲ ನನ್ನ ದನಿ ಕೇಳಿದ್ರೆ ಹೊರಗೆ ಬನ್ನಿ. ಕೆಲವರು ಹೂಂ ಅಂದ್ರು, ಕೆಲವರು ಕದ ಹಾಕ್ಕೊಂಡ್ರು.

ಮೂರನೇ ಹುಣ್ಣಿಮೆ ಆಯ್ತು. ರುಮಾಲಿನೋನು ಮೀಸೆ ತಿರುವಿಕೊಂಡು ಬಂದ. ಈರಕ್ಕ ಒನಕೆ ಹಿಡ್ಕೊಂಡು ರೊಪ್ಪದ ಬಾಗಿಲಲ್ಲಿ ನಿಂತಿದ್ಳು, ತಲೆ ಮೇಲೆ ಸೆರಗಿಲ್ಲ. ಮರಿಗಳು ಅವಳ ಮುಖ ನೋಡಿದ್ವು. ಅವಳು ಹೊಟ್ಟೆಯಿಂದ ಕೂಗಿದ್ಳು, ಯಾರೋ ನೀನು! ಯಾರನ್ನ ಕೇಳಿ ಒಳಗೆ ಬಂದೆಯೋ!

ಅದೇ ಸಾಕಾಯ್ತು. ಕೆಂಚ ಎಡಕ್ಕೆ, ಬೊಳ್ಳ ಬಲಕ್ಕೆ, ಚುಕ್ಕಿ ನೇರ ಅವನ ಮುಂದೆ. ಬೌ ಬೌ ಬೌ ಅಂತ ಬೊಗಳಿದ್ರೆ ಗುಡಿಸಲ ಹುಲ್ಲು ಅಲ್ಲಾಡ್ತಂತೆ. ಅಕ್ಕಪಕ್ಕದ ನಾಯಿಗಳೂ ಶುರು ಹಚ್ಕೊಂಡ್ವು. ಹೆಂಗಸರು ಹೊರಗೆ ಬಂದ್ರು, ಒಬ್ಬಳ ಕೈಲಿ ಸೌಟು, ಒಬ್ಬಳ ಕೈಲಿ ಕುಡುಗೋಲು. ಅವನು ಹೆದರಿ ಚುಕ್ಕಿ ಮೇಲೆ ದೊಣ್ಣೆ ಎತ್ತಿದ್ನಂತೆ. ಎತ್ತಿದ ದೊಣ್ಣೆ ಇಳೀಲೇ ಇಲ್ಲ. ಹಿಂದಿಂದ ಯಾರೋ ಹಿಡ್ಕೊಂಡಿದ್ರು. ಯಾರು ಅಂತೀಯ? ಕ್ಯಾತಜ್ಜ! ಮುದುಕನ ಕಣ್ಣು ಕೆಂಡ, ಹಿಡಿದ ದೊಣ್ಣೆ ಬಿಡ್ಲಿಲ್ಲವಂತೆ.

ರುಮಾಲಿನೋನು ಓಡಿ ಕಾರೆಮುಳ್ಳಿಗೆ ಬಿದ್ದ, ಹೆಂಗಸರು ಸುತ್ತುವರಿದು ಅಲ್ಲೇ ಹಿಡಿದು ಕೂರಿಸಿದ್ರು. ಸಂಜೆ ಗಂಡಸರು ಬಂದು, ದೊರೆಯನ್ನೇ ಕೇಳೋಣ ಅಂತ ಬೆಳಗಾದ ಮೇಲೆ ಕೈ ಕಟ್ಟಿ ಅವನನ್ನ ಕೋಟೆಗೆ ಕರ್ಕೊಂಡು ಹೋದ್ರು. ಪಾಳೇಗಾರ ನೋಡಿ, ಇವನಾ? ನಮ್ಮ ಕುದುರೆ ಲಾಯದಲ್ಲಿ ಲದ್ದಿ ಬಾಚ್ತಿದ್ದ, ಹುರುಳಿ ಕದ್ದ ಅಂತ ನಾಲ್ಕು ವರ್ಷದ ಹಿಂದೆ ಓಡಿಸಿದ್ವಿ, ಮರಿ ಕೇಳೋದು ಹಿಂದಿನ ದೊರೆ ಕಾಲಕ್ಕೇ ನಿಂತೋಯ್ತು, ನಾವು ಯಾರ ಹಟ್ಟಿಗೂ ಮರಿಗೆ ಕಳಿಸಿಲ್ಲ ಅಂದ್ನಂತೆ. ನೋಡು ಹೆಂಗಿದೆ! ಮೂರು ವರ್ಷ ಇವರು ಕೈ ಮುಗಿದಿದ್ದು ಒಂದು ಮೊಳ ಕೆಂಪು ಬಟ್ಟೆಗೆ! ಜೊತೆಗೆ ಹೋಗಿದ್ದ ಕ್ಯಾತಜ್ಜ ಅಲ್ಲೇ ನೆಲಕ್ಕೆ ಕೂತು ಗೊಳೋ ಅಂತ ಅತ್ತನಂತೆ.

ಆಮೇಲೆ ಪಾಳೇಗಾರ, ಇವನು ಎಷ್ಟು ಮರಿ ಕದ್ದಿದಾನೋ ಅಷ್ಟು ತಿಂಗಳು ನಿಮ್ಮ ರೊಪ್ಪದ ಗೊಬ್ಬರ ಬಾಚಲಿ ಅಂತ ತೀರ್ಮಾನ ಕೊಟ್ಟನಂತೆ. ಬಾಚಿದ. ಅವನು ಬಾಗಿದ್ರೂ ಬೌ, ಎದ್ರೂ ಬೌ, ಚುಕ್ಕಿ ಅವನನ್ನ ಒಂದು ದಿನ ಸುಮ್ಮನೆ ಬಿಡ್ಲಿಲ್ಲ.

ಹಟ್ಟಿ ಸುಖವಾಗಿತ್ತು, ರೊಪ್ಪ ತುಂಬಿತು. ಮಾರನೇ ವರ್ಷ ಚುಕ್ಕಿ ಮರಿ ಹಾಕಿದಾಗ ಸುತ್ತಮುತ್ತಲ ಹಟ್ಟಿಯೋರೆಲ್ಲ ನಮಗೊಂದು ಕೊಡಿ ಅಂತ ಬಂದ್ರಂತೆ. ಈರಕ್ಕ ಜಗಲಿ ಮೇಲೆ ಕೂತು ಒಂದೇ ಮಾತು ಕೇಳೋಳು, ನಿಮ್ಮನೇಲಿ ಮೊದಲು ಬಾಯಿ ಬಿಡೋರು ಯಾರು? ನಾನು ಅಂದೋರಿಗೆ ಮರಿ. ತಲೆ ಕೆರ್ಕೊಂಡೋರಿಗೆ ಮಜ್ಜಿಗೆ ಕೊಟ್ಟು ಕಳಿಸೋಳಂತೆ.

ಅಲ್ಲಿಗೆ ಅವರ ಕತೆ ಮುಗೀತು, ನನ್ನ ಸಿಟ್ಟೂ ಇಳೀತು. ಹೂಂ ಅನ್ನು. ಅನ್ನಲ್ವಾ? ಮಲಗೇಬಿಟ್ಟಿದೀಯ ನನ್ನವ್ವ.