ಎರಡು ಬಾಯಿಯ ಗುಳಿ

ಕಾಡಿನ ಅಂಚಿನ ಹುಣಸೆಮರದ ಬುಡದಲ್ಲಿ, ಮಕ್ಕಳೇ, ಒಂದು ಇರುವೆಗೂಡಿತ್ತು. ಗೂಡೇನು, ಕೋಟೆಯೇ ಅನ್ನಿ! ತೀರ ಒಳಗೆ ಮೊಟ್ಟೆಮನೆ. ಅಲ್ಲಿ ರಾಣಿ, ಅವಳ ಸುತ್ತ ಮುತ್ತಿನಂಥ ಮೊಟ್ಟೆಗಳು. ಹೊರಗಿನವರು ಅತ್ತ ಸುಳಿಯುವಂತಿರಲಿಲ್ಲ.

ಆದರೆ ಮಳೆಗಾಲದಲ್ಲಿ ಹೊರಗಿನವರ ಕಾಳು ನೆನೆದು ಕೊಳೆಯುತ್ತದಲ್ಲ? ಹಾಗಾಗದಿರಲೆಂದು ಅವರು ಅದನ್ನು ಮೊದಲೇ ತಂದು ಇರುವೆಗಳ ಕಣಜದಲ್ಲಿ ಇಡಿಸುತ್ತಿದ್ದರು. ಬಾಗಿಲು ಕಾಯುವವಳು ಚೌಡಕ್ಕ. ಕಾಳನ್ನು ಹೊಸ್ತಿಲೊಳಗೆ ತಂದು, ಬಾಗಿಲು ಮುಚ್ಚಿ, ಮೀಸೆಯಿಂದ ತಡವಿ ನೋಡಿ, ಆಮೇಲೆ ಸಾಗಿಸುವುದು ತಲೆತಲಾಂತರದ ಪದ್ಧತಿ. (ಇರುವೆಗಳಲ್ಲಿ ಹೆಂಗಸರಿಗೂ ಮೀಸೆಯುಂಟು, ನಗಬೇಡಿ!)

ಆ ವರ್ಷ ಮೋಡ ಬೇಗನೆ ಕವಿಯಿತು. ಬಾಗಿಲಲ್ಲಿ ಸಾಲೋ ಸಾಲು.

"ಏನು ಚೌಡಕ್ಕ, ನನ್ನ ಸರದಿ ಈ ಮಳೆಗೋ, ಮುಂದಿನ ಮಳೆಗೋ?" ಎಂದು ಮಿಡತೆ ಮಾವ ಛೇಡಿಸಿದ.

"ನನಗಿರೋದು ಎರಡೇ ಮೀಸೆ ಮಾವ, ಇಪ್ಪತ್ತಲ್ಲ!"

ಹಾಗೆಂದವಳಿಗೆ ಉಪಾಯವೊಂದು ಹೊಳೆಯಿತು. ಗೋಡೆಯಲ್ಲಿ ಒಂದು ಗುಳಿ ತೋಡಿದಳು. ಅದಕ್ಕೆ ಹೊರಗೊಂದು ಬಾಯಿ, ಒಳಗೊಂದು ಬಾಯಿ. ಅವರು ಹಾಕುವುದು, ಇವಳು ಎಳೆದುಕೊಳ್ಳುವುದು. ಬಾಗಿಲು ತೆಗೆದು ಮುಚ್ಚುವ ರಗಳೆಯೇ ಇಲ್ಲ!

ಮೊಟ್ಟೆಮನೆಯ ಮುದುಕಿ ಸಿದ್ದವ್ವ ಮಾತ್ರ ಕೇಳಿದಳು, "ಆ ಗುಳಿ ಹೊರಗಿನವರಿಗೂ ತೆರೆದೇ ಇರುತ್ತಲ್ಲೇ?"

"ನೋಡದೆ ಒಳಗೆ ತರ್ತೀನಾ ಸಿದ್ದವ್ವ?"

ಕೆಲಸ ಚುರುಕಾಯಿತು. ಗುಳಿಯೊಳಗಿನ ಹತ್ತಾರು ಕಾಳನ್ನು ಒಟ್ಟಿಗೆ ತಡವಿ, ಒಳ್ಳೆಯದಕ್ಕೆಲ್ಲ ನೋಡಿದ್ದಾಯಿತೆಂಬ ಗುರುತಿಗೆ ತನ್ನ ವಾಸನೆ ಹಚ್ಚಿ, ಆಮೇಲೆ ಒಂದೊಂದಾಗಿ ಎಳೆಯುವಳು.

ಹುಣಸೆ ಕೊಂಬೆಯಿಂದ ಒಂದು ಜೇಡ ಇದನ್ನೆಲ್ಲ ನೋಡುತ್ತಿತ್ತು. ಎರಡು ದಿನ ಅಲುಗಾಡದೆ ನೋಡಿತು. ತಡವುವುದಕ್ಕೂ ಎಳೆಯುವುದಕ್ಕೂ ನಡುವೆ ಎಷ್ಟು ಹೊತ್ತು ಎಂಬುದನ್ನು ಚೆನ್ನಾಗಿ ತಿಳಿದುಕೊಂಡಿತು.

ಮೂರನೆಯ ದಿನ ಮಿಡತೆ ಮಾವನ ಹುರುಳಿಕಾಯಿಗೆ ಚೌಡಕ್ಕ ವಾಸನೆ ಹಚ್ಚಿ, ಬೇರೊಂದು ಕಾಳು ಹೊತ್ತು ಕಣಜಕ್ಕೆ ಹೋದಳು. ಅಷ್ಟೇ! ಜೇಡ ನೂಲು ಹಿಡಿದು ಇಳಿಯಿತು. ಕಾಯೊಳಗಿನ ಕಾಳನ್ನು ಹೊರಕ್ಕೆ ಉರುಳಿಸಿತು. ಸಿಪ್ಪೆಯೊಳಗೆ ತಾನೇ ಮುದುರಿ ಕುಳಿತಿತು.

ಚೌಡಕ್ಕ ಬಂದು ಮೂಸಿದಳು. ತನ್ನದೇ ವಾಸನೆ. ಹಿಮ್ಮುಖವಾಗಿ ನಡೆಯುತ್ತ ಎಳೆದಳು. ಕಣಜದ ದಾರಿ ಮೊಟ್ಟೆಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಸುರಂಗದಲ್ಲಿ ಕಗ್ಗತ್ತಲು.

'ಆಗ ತಡವಿದಾಗ ಇಷ್ಟು ಭಾರವೆನಿಸಲಿಲ್ಲವಲ್ಲ?'

ಮೊಟ್ಟೆಮನೆಗೆ ಇನ್ನು ಹತ್ತೇ ಹೆಜ್ಜೆ. ಸಿಪ್ಪೆ ಅಲುಗಿತು. ಕೂದಲು ಕೂದಲಾದ ಒಂದು ಕಾಲು ಮೆಲ್ಲನೆ ಹೊರಬಂದು ಅವಳ ಮುಖ ಸವರಿತು.

ಜೇಡವೆಂದು ಚೌಡಕ್ಕನಿಗೆ ಗೊತ್ತಾಯಿತು. ಓಡೋಣವೆಂದರೆ ಹಿಂದೆ ಇರುವುದು ಮೊಟ್ಟೆಮನೆ! ಸಿಪ್ಪೆಯನ್ನು ಸುರಂಗಕ್ಕೆ ಅಡ್ಡ ತಿರುಗಿಸಿ ಕಿರುಚಿದಳು, "ಸಿದ್ದವ್ವಾ! ದಾರಿಗೆ ಮಣ್ಣು ಮುಚ್ಚಿ!"

"ಮತ್ತೆ ನೀನು?"

"ಮೊದಲು ಮುಚ್ಚೀ!"

ದಬದಬನೆ ಮಣ್ಣು ಬಿತ್ತು. ಹಿಂದೆ ಗೋಡೆ, ಮುಂದೆ ಎಂಟು ಕಣ್ಣು, ನಡುವೆ ಚೌಡಕ್ಕ. ಜೇಡ ಅವಳ ಕಾಲು ಹಿಡಿಯಿತು. ಕೂಗು ಕೇಳಿದ ಕಣಜದ ಇರುವೆಗಳು ಇನ್ನೊಂದು ದಾರಿಯಿಂದ ನುಗ್ಗಿ ಅದರ ಬೆನ್ನಿಗೆ ಕಚ್ಚಿದವು. ಜೇಡ ಬಂದ ಗುಳಿಯಿಂದಲೇ ಬಿದ್ದಂಬೀಳ ಓಡಿತು. ಬಾಯಲ್ಲಿ ಚೌಡಕ್ಕನ ಒಂದು ಕಾಲಿತ್ತು.

ಮರುದಿನ ಚೌಡಕ್ಕ ಕುಂಟುತ್ತಲೇ ಕೆಲಸಕ್ಕೆ ಬಂದಳು. ಗುಳಿಯನ್ನು ಮುಚ್ಚಲಿಲ್ಲ. ಕಾಳು ಬಿದ್ದೊಡನೆ ಅದರ ಹೊರಬಾಯಿಗೆ ಕಲ್ಲು ಜಡಿದಳು, ಆಮೇಲೆ ಮೀಸೆ ಚಾಚಿದಳು.

"ಮತ್ತೆ ತಡವಾಯ್ತಲ್ಲ ಚೌಡಕ್ಕ!" ಅಂದ ಮಿಡತೆ ಮಾವ.

"ಆಗಲಿ ಮಾವ. ಈಗಷ್ಟೇ ಮೊಟ್ಟೆ ಎಣಿಸಿ ಬಂದೆ. ಒಂದೂ ಕಡಿಮೆಯಿಲ್ಲ. ಕಡಿಮೆಯಾಗಿರೋದು ನನ್ನ ಕಾಲೊಂದೇ."

ನೀತಿ: ಇನ್ನೊಬ್ಬರ ಕೈಗೂ ಎಟಕುವ ವಸ್ತುವನ್ನು ಆಗ ನೋಡಿದ್ದೆ ಎಂದು ಈಗ ನಂಬಬಾರದು, ನಮ್ಮ ಕೈಗೆ ಪೂರ್ತಿ ಬಂದ ಮೇಲೆ ನೋಡಿದ್ದೇ ನೋಟ.